ಬಾಲ ಎತ್ತಿದ ಅಂಬಾಸಿಡರ್

ಮಕ್ಕಳೇ, ಈ ಸಲ ಹಬ್ಬ-ಅಡುಗೆಯ ಮಾತಿಲ್ಲ, ಕಾರಿನ ಮಾತು. 'ಆಂಟಿಗೇನು ಗೊತ್ತು?' ಎಂದು ನಗಬೇಡಿ. ಕಾರು ನೆಲದಿಂದ ಎಷ್ಟು ಮೇಲೆ ನಿಂತಿದೆ ಎಂದು ನೋಡುವ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದೆ.

ತೀರ್ಥಹಳ್ಳಿಯ ನಮ್ಮ ಬೀದಿಯಲ್ಲಿ ಒಂದು ಅಂಬಾಸಿಡರ್ ಟ್ಯಾಕ್ಸಿ ಇತ್ತು. ಮದುವೆ ದಿಬ್ಬಣದ ಹತ್ತು ಹನ್ನೊಂದು ಜನ ತುಂಬಿಕೊಂಡರೆ ಹಿಂಭಾಗ ಕುಸಿದು, ಮೂತಿ ಆಕಾಶ ನೋಡುತ್ತಿತ್ತು. ಬೇಸತ್ತ ಡ್ರೈವರಣ್ಣ ಹಿಂದಿನ ಲೀಫ್ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿಸಿದ. ಆಮೇಲೆ ಖಾಲಿ ಇದ್ದಾಗ ಕಾರು ಬಾಲ ಎತ್ತಿದ ಬೆಕ್ಕಿನ ಹಾಗೆ ನಿಲ್ಲುತ್ತಿತ್ತು. ನಾನು ಅಂದೇ ಮರುಳಾದೆ!

ಬಿ.ಎ. ಓದುವಾಗ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಫ್ರಾನ್ಸಿನ ಸಿಟ್ರೋಯೆನ್ ಡಿಎಸ್ ಕಾರಿನ ಚಿತ್ರ ಸಿಕ್ಕಿತು. 1955ರಲ್ಲಿ ಬಂದ ಆ ಕಾರಿಗೆ ಸ್ಪ್ರಿಂಗ್ ಬದಲು ಎಣ್ಣೆ ಮತ್ತು ನೈಟ್ರೋಜನ್ ಅನಿಲ. ಎಂಜಿನ್ ಶುರುವಾದರೆ ಮಲಗಿದ್ದ ಕಾರು ಮೆಲ್ಲಗೆ ಎದ್ದು ನಿಲ್ಲುತ್ತದೆ. ಎತ್ತರ ಹೆಚ್ಚು ಕಡಿಮೆ ಮಾಡಲು ಚಾಲಕನ ಬಳಿಯೇ ಒಂದು ಹಿಡಿ! 1962ರಲ್ಲಿ ಅಧ್ಯಕ್ಷ ದ ಗಾಲ್ ಮೇಲೆ ಗುಂಡಿನ ದಾಳಿಯಾದಾಗ, ಟೈರು ತೂತಾದರೂ ಅವರನ್ನು ಪಾರುಮಾಡಿದ್ದು ಇದೇ ಜಾತಿಯ ಕಾರು.

ಈಗ ಪೆಂಡುರ್ತಿಯ ನಮ್ಮ ಮನೆಯ ಕಥೆ. ಮಗ ಹಳೆಯ ಕಾರೊಂದನ್ನು ತಂದಿದ್ದಾನೆ. ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸಿ ತಗ್ಗಿಸುತ್ತಾನಂತೆ. ಬೇಡವೆಂದೆ. "ನಿನ್ನಿಂದಲೇ ತಾನೇ ಅಮ್ಮ ನನಗೆ ಈ ಹುಚ್ಚು?" ಎಂದ. ಏನು ಹೇಳಲಿ? ನಿಜವೇ.

ತಗ್ಗಿದ ಕಾರು ಚಂದ ಎಂದು ನಾನೂ ಒಪ್ಪುತ್ತೇನೆ. ಆದರೆ ಕತ್ತರಿಸಿದ ಸ್ಪ್ರಿಂಗ್ ಗಡುಸಾಗುತ್ತದೆ, ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಸ್ಪೀಡ್ ಬ್ರೇಕರಿಗೆ ಕಾರಿನ ಹೊಟ್ಟೆ ಉಜ್ಜುತ್ತದೆ. ಹಾಗೆಂದು ಬೇಕಾದಷ್ಟು ಎತ್ತರಿಸಿದರೂ ಕಷ್ಟ. ನಮ್ಮ ಮುಂದಿನ ದಾರಿಯಲ್ಲೇ ಅರಕುವಿಗೆ ಹೋಗುತ್ತೀರಲ್ಲ, ಅನಂತಗಿರಿ ಘಾಟಿಯ ತಿರುವಿನಲ್ಲಿ ಅಂಥ ಗಾಡಿ ಹೆಚ್ಚು ವಾಲುತ್ತದೆ.

ಕಾನೂನೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಇಷ್ಟು ಹೇಳಿದರೂ ಅವನು ಸುಮ್ಮನಿದ್ದ. ಕೊನೆಗೆ ಮಾತಾಡಿದ್ದು ನಮ್ಮ ಅತ್ತೆ. ಅವರಿಗೆ ಎರಡೂ ಮೊಣಕಾಲು ನೋವು. "ಈಗಲೇ ಬಗ್ಗಿ ಹತ್ತುತ್ತೇನಪ್ಪ. ಇನ್ನೂ ತಗ್ಗಿಸಿದರೆ ನನ್ನನ್ನು ಎಬ್ಬಿಸಲು ನಿನ್ನ ಸ್ನೇಹಿತರನ್ನೂ ಕರೆತಾ" ಎಂದರು.

ಕಾರು ಹಾಗೇ ನಿಂತಿದೆ. ನಿನ್ನೆ ನನ್ನ ಹೊಲಿಗೆ ಟೇಪು ಕಾಣಲಿಲ್ಲ. ಹುಡುಕಿದರೆ, ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲ ಬಳಿ ಅಳೆಯುತ್ತಿದ್ದ.