ಹೊಗೆಯಿಲ್ಲದ ಒಲೆಗೂ ಗಾಳಿ ಬೇಕು

ಊರು ಬಿಟ್ಟು ಮುಂಬಯಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಅಡಿಗೆಮನೆಯ ಇತಿಹಾಸವನ್ನು ಯಾರಾದರೂ ಬರೆದರೆ ಅದು ಇಂಧನಗಳ ಇತಿಹಾಸವೇ ಆದೀತು. ಊರಿನಲ್ಲಿ ಕಟ್ಟಿಗೆ ಮತ್ತು ಬೆರಣಿ, ಚಾಳಿನ ಒಂದೇ ಕೋಣೆಯಲ್ಲಿ ಇದ್ದಿಲಿನ ಶೇಗಡಿ, ಪಡಿತರದ ಸೀಮೆಎಣ್ಣೆಯ ಸ್ಟೌ, ಅನಂತರ ಸಿಲಿಂಡರು, ಈಗ ಅನೇಕ ಮನೆಗಳಲ್ಲಿ ಕೊಳವೆಯ ಮೂಲಕವೇ ಬರುವ ಅನಿಲ. ಒಂದೊಂದು ಹೆಜ್ಜೆಗೂ ಹೊಗೆ ಕಡಿಮೆಯಾಗುತ್ತ ಬಂದಿತು. ಇದು ನಿಸ್ಸಂಶಯವಾಗಿ ಪ್ರಗತಿಯೇ. ಸೌದೆ ಒಲೆಯ ಅಡಿಗೆಯ ರುಚಿಯನ್ನು ನೆನೆದು ನಿಟ್ಟುಸಿರಿಡುವ ಹಿರಿಯರು ನಮ್ಮಲ್ಲಿದ್ದಾರೆ. ಅವರಲ್ಲಿ ಬಹುಮಂದಿ ಪುರುಷರು. ಊದುಗೊಳವೆ ಹಿಡಿದು ಕಣ್ಣೀರು ಸುರಿಸಿದ ಮಾತೆಯರು ಆ ರುಚಿಯನ್ನು ಅಷ್ಟಾಗಿ ಹೊಗಳಿದ್ದನ್ನು ನಾನಂತೂ ಕೇಳಿಲ್ಲ.

ಆದರೆ ಹೊಗೆಯ ಜೊತೆಗೆ ನಮ್ಮ ಎಚ್ಚರವೂ ಹೊರಟುಹೋಯಿತು ಎಂಬುದೇ ನನ್ನ ಆಕ್ಷೇಪ. ಕಣ್ಣು ಉರಿಯುತ್ತಿದ್ದ ಕಾಲದಲ್ಲಿ ಕಿಟಕಿ ತೆರೆಯಿರೆಂದು ಯಾರೂ ಹೇಳಬೇಕಾಗಿರಲಿಲ್ಲ. ಇಂದು ನೀಲಿ ಜ್ವಾಲೆ ಉರಿಯುತ್ತಿರುತ್ತದೆ, ಹೊಗೆಯಿಲ್ಲ, ಮಸಿಯಿಲ್ಲ. ಆದ್ದರಿಂದ ಅಡಿಗೆಮನೆಯ ಬಾಲ್ಕನಿಗೆ ಗಾಜು ಹಾಕಿಸಿ ಕಪಾಟು ಮಾಡಿಕೊಳ್ಳುತ್ತೇವೆ, ಬಚ್ಚಲಿನ ಗವಾಕ್ಷಿಗೆ ಹಲಗೆ ಹೊಡೆಯುತ್ತೇವೆ. ಈ ಧೈರ್ಯ ಎಷ್ಟು ಅಪಾಯಕರವೆಂಬುದನ್ನು ಅರಿಯಬೇಕಾದರೆ ಇಂಧನದ ಹುಟ್ಟನ್ನೇ ಸ್ವಲ್ಪ ನೋಡಬೇಕು.

ಮುಂಬಯಿಗೆ ಪಶ್ಚಿಮದಲ್ಲಿ, ತೀರದಿಂದ ಸುಮಾರು 160 ಕಿಲೋಮೀಟರು ದೂರದ ಕಡಲಿನಲ್ಲಿ, 1974ರಲ್ಲಿ ಎಣ್ಣೆಯ ನಿಕ್ಷೇಪ ದೊರೆಯಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ಬಾಂಬೆ ಹೈ. ಸುಮಾರು 5 ಕೋಟಿ ವರ್ಷಗಳ ಹಿಂದೆ ಆ ಭಾಗದ ನೀರಿನಲ್ಲಿ ಬದುಕಿ ಸತ್ತ ಸೂಕ್ಷ್ಮಜೀವಿಗಳೂ ನೆಲದಿಂದ ಕೊಚ್ಚಿ ಬಂದ ಸಸ್ಯಗಳ ಅವಶೇಷಗಳೂ ತಳದ ಕೆಸರಿನಲ್ಲಿ ಹೂತುಹೋದವು. ಬಯಲಿನಲ್ಲಿ ಬಿದ್ದ ಎಲೆ ಕೊಳೆತು ಗಾಳಿಯಲ್ಲಿ ಕರಗಿಹೋಗುತ್ತದೆ. ಅದಕ್ಕೆ ಆಮ್ಲಜನಕ ಬೇಕು. ಆ ಕೆಸರಿನಲ್ಲಿ ಅದು ಇರಲಿಲ್ಲ. ಆದಕಾರಣ ಜೀವಿಗಳ ದೇಹದಲ್ಲಿದ್ದ ಇಂಗಾಲ, ಜಲಜನಕಗಳು ನಾಶವಾಗದೆ ಉಳಿದವು. ಮೇಲೆ ಪದರದ ಮೇಲೆ ಪದರ ಬಿದ್ದಿತು, ಆಳ ಹೆಚ್ಚಿತು, ಶಾಖ ಏರಿತು. ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೆಂದು ಅದು ಎಣ್ಣೆಯಾಯಿತು. ಇನ್ನೂ ಹೆಚ್ಚಿನ ಶಾಖದಲ್ಲಿ ಅನಿಲವಾಯಿತು. ಹಗುರವಾದ ಅವು ಮೇಲೇರಿ ಸುಣ್ಣಕಲ್ಲಿನ ರಂಧ್ರಗಳಲ್ಲಿ ತುಂಬಿಕೊಂಡವು, ಜೇಡಿಶಿಲೆಯ ಮುಚ್ಚಳದಡಿಯಲ್ಲಿ ಸೆರೆಯಾದವು. ಆಮ್ಲಜನಕ ತಪ್ಪಿದ್ದರಿಂದಲೇ ಅದು ಇಂಧನವಾಗಿ ಉಳಿಯಿತು. ಅಂದು ತಪ್ಪಿದ ಪಾಲನ್ನು ಇಂದು ನಮ್ಮ ಅಡಿಗೆಮನೆಯಲ್ಲಿ ಬಡ್ಡಿಯಿಲ್ಲದೆ ವಸೂಲು ಮಾಡುತ್ತಿದೆ.

ಕಲ್ಲಿದ್ದಲಿನ ಕಥೆಯೂ ಇಂಥದೇ, ಅಲ್ಲಿ ಕಡಲಿನ ಬದಲು ಜೌಗು ಕಾಡು. ನಮ್ಮ ದೇಶದ ಕಲ್ಲಿದ್ದಲಿನ ಬಹುಭಾಗ 25 ಕೋಟಿ ವರ್ಷಗಳಿಗೂ ಹಿಂದಿನದು. ನಮ್ಮ ತಾಯ್ನಾಡಿಗೆ ಈ ಸಂಪತ್ತು ಒದಗಲಿಲ್ಲ. ಕರ್ನಾಟಕದ ಬಹುಪಾಲು ನೆಲದ ಬಂಡೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ನೆಲದ ಮೇಲೆ ಗಿಡಮರಗಳೇ ಹುಟ್ಟಿರದ ಕಾಲದವು. ಚಿನ್ನ, ಕಬ್ಬಿಣಗಳನ್ನು ಕೊಟ್ಟ ಆ ನೆಲ ಕಲ್ಲಿದ್ದಲನ್ನು ಎಲ್ಲಿಂದ ಕೊಟ್ಟೀತು? ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಪರರಾಜ್ಯಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು.

ನಾವು ಉಡುವ ಪಾಲಿಯೆಸ್ಟರ್ ಸೀರೆ, ರಸ್ತೆಯ ಡಾಂಬರು, ಹೊಲಕ್ಕೆ ಹಾಕುವ ಯೂರಿಯಾ, ಕಪಾಟಿನ ನುಸಿಗುಳಿಗೆ, ಎಲ್ಲವೂ ಈ ಮೂರರಲ್ಲಿ ಒಂದರ ಸಂತಾನ. ಪಟ್ಟಿ ಮುಗಿಯುವಂಥದಲ್ಲ. ಅವೆಲ್ಲ ನಮ್ಮಿಂದ ದೂರದಲ್ಲಿ ತಯಾರಾಗುವ ಪದಾರ್ಥಗಳು. ಒಲೆ ಮಾತ್ರ ನಮ್ಮ ಮೂಗಿನ ಕೆಳಗೇ ಉರಿಯುತ್ತದೆ.

ಲೆಕ್ಕವನ್ನೇ ನೋಡೋಣ. ಮನೆಯ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಅದು ಪೂರ್ತಿಯಾಗಿ ಉರಿಯಲು ಸುಮಾರು 50 ಕಿಲೋಗ್ರಾಂ ಆಮ್ಲಜನಕ, ಅಂದರೆ 200 ಕಿಲೋಗ್ರಾಂಗೂ ಹೆಚ್ಚು ಗಾಳಿ ಬೇಕು. ಉರಿದ ಮೇಲೆ 40 ಕಿಲೋಗ್ರಾಂಗೂ ಮಿಕ್ಕಿ ಇಂಗಾಲದ ಡೈಆಕ್ಸೈಡೂ 20 ಲೀಟರಿಗೂ ಹೆಚ್ಚು ನೀರಿನ ಆವಿಯೂ ಹೊರಬರುತ್ತವೆ. ಮಳೆಗಾಲದಲ್ಲಿ ಮುಚ್ಚಿದ ಅಡಿಗೆಮನೆಯ ಗೋಡೆಗೆ ಬೂಷ್ಟು ಹಿಡಿಯಿತೆಂದು ಬಣ್ಣದವನನ್ನು ಬೈಯುವ ಗೃಹಸ್ಥರು ಈ 20 ಲೀಟರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜ್ವಾಲೆಯ ಶಾಖಕ್ಕೆ ಗಾಳಿಯ ಸಾರಜನಕವೂ ಸ್ವಲ್ಪ ಉರಿದು ನೈಟ್ರೋಜನ್ ಡೈಆಕ್ಸೈಡ್ ಉಂಟಾಗುತ್ತದೆ. ಅದು ಶ್ವಾಸನಾಳವನ್ನು ಕೆರಳಿಸುತ್ತದೆ. ದಮ್ಮಿನ ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಗಾಳಿ ಸಾಲದಿದ್ದರೆ ಒದಗುವ ವಿಪತ್ತು ಬೇರೆಯೇ. ಆಗ ಇಂಗಾಲ ಅರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ಮೂಗಿಗೆ ಬಡಿಯಲೆಂದು ಅದಕ್ಕೆ ದುರ್ವಾಸನೆಯ ರಾಸಾಯನಿಕವನ್ನು ಬೆರೆಸಿರುತ್ತಾರೆ. ಉರಿದು ಹುಟ್ಟಿದ ಈ ವಿಷಕ್ಕೆ ಅಂಥ ಗುರುತು ಯಾವುದೂ ಇಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಒಲವಿನಿಂದ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ಸುತ್ತು, ವಾಕರಿಕೆ, ಕೈಕಾಲುಗಳ ಸೋಲು, ಕೊನೆಗೆ ಮೂರ್ಛೆ.

ಇದಕ್ಕೆ ಅತ್ಯಂತ ಅನುಕೂಲವಾದ ಸ್ಥಳ ನಮ್ಮ ಫ್ಲಾಟುಗಳ ಬಚ್ಚಲು. ನಾಲ್ಕು ಅಡಿ ಅಗಲದ ಕೋಣೆ, ಒಳಗೆ ಗ್ಯಾಸ್ ಗೀಜರು, ಬಿಗಿಯಾದ ಬಾಗಿಲು, ಚಳಿಯೆಂದು ಮುಚ್ಚಿದ ಗವಾಕ್ಷಿ. ಗೀಜರು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಸ್ನಾನಕ್ಕೆ ಹೋದ ಆರೋಗ್ಯವಂತ ತರುಣರು ಬಾಗಿಲು ಒಡೆದಾಗ ಶವವಾಗಿ ದೊರೆತ ವಾರ್ತೆಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹೃದಯಾಘಾತವೆಂದೋ ಅಪಸ್ಮಾರವೆಂದೋ ಮೊದಲು ಊಹಿಸುತ್ತಾರೆ. ಗ್ಯಾಸ್ ಗೀಜರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ ನೀರಿನ ಕೊಳವೆಯನ್ನಷ್ಟೇ ಒಳಗೆ ತರಬೇಕು. ಉರಿದ ಗಾಳಿಯನ್ನು ಹೊರಕ್ಕೊಯ್ಯುವ ನಳಿಗೆ ಇರಬೇಕು. ಅದಕ್ಕೆ ಅನುಕೂಲವಿಲ್ಲದ ಮನೆಗಳಲ್ಲಿ ಗ್ಯಾಸ್ ಗೀಜರು ಬೇಡವೇ ಬೇಡ ಎಂದು ನಾನು ಹೇಳುತ್ತೇನೆ. ವಿದ್ಯುತ್ ಗೀಜರಾದರೆ ಖರ್ಚು ಹೆಚ್ಚಲ್ಲವೇ ಎಂದು ಕೇಳುವವರುಂಟು. ಹೆಚ್ಚು ಹೌದು. ಆ ವಿದ್ಯುತ್ತಿನ ಹೊಗೆಯನ್ನು ಚಂದ್ರಾಪುರದಂಥ ಊರಿನವರು ಉಣ್ಣುತ್ತಿದ್ದಾರೆ ಎಂಬುದೂ ಸತ್ಯ. ಆದರೂ ಬಚ್ಚಲಿನಲ್ಲಿ ಪ್ರಾಣ ಕಳೆದುಕೊಳ್ಳುವುದಕ್ಕೆ ಅದು ಸಮರ್ಥನೆಯಾಗಲಾರದು.

ನಮ್ಮವರು ಈ ನಗರದಲ್ಲಿ ಹೆಸರು ಮಾಡಿದ ಹೋಟೆಲು ಉದ್ಯಮದ ಕಡೆಗೂ ಒಂದು ಮಾತು. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಟ್ಟಿಗೆ, ಕಲ್ಲಿದ್ದಲುಗಳಲ್ಲಿ ನಡೆಯುವ ಬೇಕರಿಗಳು ಆರು ತಿಂಗಳೊಳಗೆ ಅನಿಲ ಮೊದಲಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಸ್ವಾಗತಾರ್ಹ ಆದೇಶ. ಆದರೆ ಅನಿಲ ಬಂದೊಡನೆ ಕೆಲಸಗಾರನ ಶ್ವಾಸಕೋಶ ಸುರಕ್ಷಿತವಾಯಿತೆಂದು ಮಾಲಿಕರು ಭಾವಿಸಬಾರದು. ದಿನಕ್ಕೆ ಹತ್ತು ಗಂಟೆ ನಾಲ್ಕಾರು ಬರ್ನರುಗಳ ಎದುರು ದೋಸೆ ಹುಯ್ಯುವ, ಪೂರಿ ಕರಿಯುವ ಹುಡುಗನ ನೆತ್ತಿಯ ಮೇಲೆ ಗಾಳಿ ಹೊರತಳ್ಳುವ ಪಂಖ ಇರಬೇಕು, ಗಾಳಿ ಒಳಬರುವ ದಾರಿಯೂ ಇರಬೇಕು. ಗಿರಾಕಿ ಕೂರುವ ಕಡೆ ಹವಾನಿಯಂತ್ರಣಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಒಳಕ್ಕೂ ಸಲ್ಲಲಿ.

ಸೊಸೈಟಿಯ ಸಭೆಗಳಲ್ಲಿ ಲಿಫ್ಟು, ಪಾರ್ಕಿಂಗುಗಳ ಚರ್ಚೆಗೆ ಗಂಟೆಗಟ್ಟಲೆ ವ್ಯಯಿಸುವ ನಾವು ಯಾವ ಯಾವ ಮನೆಯ ಬಚ್ಚಲಿನಲ್ಲಿ ಗ್ಯಾಸ್ ಗೀಜರು ಇದೆಯೆಂದು ಒಮ್ಮೆ ಎಣಿಸಿದರೆ ತಪ್ಪೇನು? ಒಲೆಯ ಜ್ವಾಲೆ ನೀಲಿ ಬಿಟ್ಟು ಹಳದಿಯಾಯಿತೆಂದರೆ ಗಾಳಿ ಸಾಲದು ಅಥವಾ ಬರ್ನರು ಕಟ್ಟಿದೆ ಎಂದು ತಿಳಿದು ಸರಿಪಡಿಸಬೇಕು. ಬಚ್ಚಲಿನಲ್ಲಿ ಯಾರಾದರೂ ಕುಸಿದರೆ ಮೊದಲು ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ಹೊರಗೆ ತಂದು, ಗ್ಯಾಸ್ ಮುಚ್ಚಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಗೀಜರು ಉರಿಯುತ್ತಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಕೊರೋನಾ ಕಾಲದಲ್ಲಿ ಎಲ್ಲರೂ ಕೊಂಡಿಟ್ಟಿರುವ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಈ ಸಂದರ್ಭದಲ್ಲಿ ನಂಬುವಂತಿಲ್ಲ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತಕ್ಕೂ ಆಮ್ಲಜನಕ ತುಂಬಿದ ರಕ್ತಕ್ಕೂ ಅದು ಭೇದ ಕಾಣದು. ರೋಗಿ ಸಾಯುತ್ತಿದ್ದರೂ ಅದರಲ್ಲಿ 98 ಎಂದೇ ತೋರಿಸಬಹುದು.