ರ್ಯಾಂಡಮ್ ಅಂದ್ರೆ ಚೀಟಿ ಎತ್ತೋದು, ಹೆಸರು ಓದೋದಲ್ಲ

1/8
ಫೋಟೋದಲ್ಲಿ ಎರಡು ಬೋರ್ಡಿಂಗ್ ಪಾಸ್ ಇವೆ. ಒಂದು ನಂದು, ಇನ್ನೊಂದು ನನ್ನ ರೂಮ್‌ಮೇಟ್‌ದು. ಹೆಸರು, ನಂಬರ್ ಎಲ್ಲಾ ಮುಚ್ಚಿದ್ದೀನಿ. ಒಂದೇ ಫ್ಲೈಟ್, ಒಂದೇ ಬುಕಿಂಗ್, ಒಂದೇ ಕಾರ್ಡಿನಿಂದ ದುಡ್ಡು ಕಟ್ಟಿದ್ದು. ಅವನ ಪಾಸಿನ ಮೂಲೆಯಲ್ಲಿ ನಾಲ್ಕು ಅಕ್ಷರ ನೋಡಿ: ಎಸ್ ಎಸ್ ಎಸ್ ಎಸ್. ನನ್ನ ಪಾಸಿನಲ್ಲಿ ಆ ಜಾಗ ಖಾಲಿ.

ನಮ್ಮ ಬ್ಯಾಚಿನವರಿಗೆ ಅವನು ಯಾರಂತ ಗೊತ್ತಾಗುತ್ತೆ. ದಯವಿಟ್ಟು ಕಮೆಂಟಿನಲ್ಲಿ ಹೆಸರು ಹಾಕಬೇಡಿ, ಅವನೇ ಬೇಡ ಅಂದಿದ್ದಾನೆ. ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಒಂದೇ ಬೆಂಚು, ಈಗ ಅಮೆರಿಕದಲ್ಲಿ ಒಂದೇ ರೂಮು, ಒಂದೇ ಕುಕ್ಕರು. ಇಬ್ಬರದ್ದೂ ಸ್ಟೂಡೆಂಟ್ ವೀಸಾ. ಕಾಗದದ ಮೇಲೆ ಬೇರೆ ಇರೋದು ಹೆಸರು, ಹುಟ್ಟಿದ ದಿನ, ಅಷ್ಟೇ.

ಮೂರು ಸಲ ಜೊತೆಗೆ ಹಾರಿದ್ದೀವಿ. ಮೂರೂ ಸಲ ಅವನನ್ನ ಪಕ್ಕಕ್ಕೆ ಕರೆದ್ರು. ನನ್ನನ್ನ ಒಮ್ಮೆಯೂ ಇಲ್ಲ. ಮೂರೂ ಸಲ ಒಂದೇ ಮಾತು: "ಏನಿಲ್ಲ, ರ್ಯಾಂಡಮ್ ಚೆಕ್."

ಮೂರನೇದು ಕಳೆದ ಡಿಸೆಂಬರ್. ಅವನ ತಂಗಿಯ ಎಂಗೇಜ್‌ಮೆಂಟಿಗೆ ಊರಿಗೆ ಹೊರಟಿದ್ವಿ. ಬ್ಯಾಗ್ ಪೂರ್ತಿ ಬಿಚ್ಚಿದ್ರು. ಅಂಗೈ, ಲ್ಯಾಪ್‌ಟಾಪ್ ಎಲ್ಲಾ ಬಟ್ಟೆಯಿಂದ ಒರೆಸಿ ಮಷಿನ್ನಿಗೆ ಹಾಕಿದ್ರು. ಮಷಿನ್ ಕೂಗಿತು. ಮತ್ತೆ ಮೊದಲಿಂದ. ಕೊನೆಗೆ ಏನೂ ಸಿಗಲಿಲ್ಲ, ಆದ್ರೆ ಅಷ್ಟರಲ್ಲಿ ಗೇಟ್ ಮುಚ್ಚಿತ್ತು.

ಇದನ್ನ ಸ್ಟೋರಿ ಹಾಕಿದಾಗ ಬಂದ ರಿಪ್ಲೈಗಳು: "ತಪ್ಪು ಮಾಡಿಲ್ಲ ಅಂದ್ರೆ ಭಯ ಯಾಕೆ ಬ್ರೋ?" "ಸೆಕ್ಯುರಿಟಿ ಮುಖ್ಯ ಅಲ್ವಾ?" ಅದಕ್ಕೇ ಈ ಎಂಟು ಸ್ಲೈಡ್. ಓದಿ, ಆಮೇಲೆ ಬೈಯಿರಿ.

2/8
ರ್ಯಾಂಡಮ್ ಅಂದ್ರೆ ಏನು? ನಮ್ಮೂರಲ್ಲಿ ಚೀಟಿ ಎತ್ತೋದು. ಎಲ್ಲರ ಹೆಸರೂ ಒಂದೇ ಡಬ್ಬಿಯಲ್ಲಿ. ಎತ್ತೋಕೆ ಸಣ್ಣ ಮಗುವನ್ನ ಕರೀತಾರೆ. ಯಾಕೆ? ಮಗುಗೆ ಓದೋಕೆ ಬರಲ್ಲ.

ಇಲ್ಲಿ ಚೀಟಿ ಎತ್ತೋರಿಗೆ ಓದೋಕೆ ಬರುತ್ತೆ. ಟಿಕೆಟ್ ಬುಕ್ ಮಾಡುವಾಗ ಪೂರ್ತಿ ಹೆಸರು, ಹುಟ್ಟಿದ ದಿನ, ಲಿಂಗ ಕೇಳ್ತಾರಲ್ಲ, ಅದನ್ನ ಏರ್‌ಲೈನ್‌ನವರು ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಗೆ ಕಳಿಸ್ತಾರೆ. ಅಲ್ಲಿ 'ಸೆಕ್ಯೂರ್ ಫ್ಲೈಟ್' ಅನ್ನೋ ವ್ಯವಸ್ಥೆ ಆ ಹೆಸರನ್ನ ಸರ್ಕಾರದ ಪಟ್ಟಿಗಳ ಜೊತೆ ಹೋಲಿಸುತ್ತೆ. ಒಂದು ಪಟ್ಟಿಯವರನ್ನ ವಿಮಾನ ಹತ್ತಿಸೋದೇ ಇಲ್ಲ. ಇನ್ನೊಂದು ಪಟ್ಟಿಯವರನ್ನ ಜಾಸ್ತಿ ಚೆಕ್ ಮಾಡಿ ಹತ್ತಿಸ್ತಾರೆ. ಇದಲ್ಲದೆ ಪ್ರಯಾಣದ ರೀತಿ ನೋಡಿ ಆರಿಸೋ ನಿಯಮಗಳೂ ಇದ್ದವು. 'ಕ್ವೈಟ್ ಸ್ಕೈಸ್' ಅನ್ನೋ ಕಾರ್ಯಕ್ರಮದಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ಸಾಮಾನ್ಯ ಪ್ರಯಾಣಿಕರನ್ನೂ ವಿಮಾನದೊಳಗೆ ಗುಟ್ಟಾಗಿ ಗಮನಿಸ್ತಿದ್ರು. 2018ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಅದನ್ನ ಬಯಲು ಮಾಡಿತು, 2025ರಲ್ಲಿ ಸರ್ಕಾರವೇ ನಿಲ್ಲಿಸಿತು.

ನಿಜವಾಗ್ಲೂ ರ್ಯಾಂಡಮ್ ಆಗಿ ಸಿಕ್ಕಿಬೀಳೋರೂ ಇದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಚೀಟಿ ಬಂದವನಿಗೂ ಅದೇ ನಾಲ್ಕು ಅಕ್ಷರ, ಪಟ್ಟಿಯಲ್ಲಿ ಇರೋನಿಗೂ ಅದೇ ನಾಲ್ಕು ಅಕ್ಷರ. ಯಾವುದು ಅಂತ ಕೇಳಿದ್ರೆ ಉತ್ತರ ಒಂದೇ: ರ್ಯಾಂಡಮ್.

ನನ್ನ ರೂಮ್‌ಮೇಟ್‌ಗೆ ಹಿಂದಿನ ರಾತ್ರಿನೇ ಆನ್‌ಲೈನ್ ಚೆಕ್-ಇನ್ ಆಗಲಿಲ್ಲ, ಕೌಂಟರಿಗೆ ಬನ್ನಿ ಅಂತ ಬಂತು. "ಲೇ, ಮತ್ತ ಬಂತು ನೋಡಲೇ" ಅಂದ. ಅಂದ್ರೆ ಅವನು ರೂಮಲ್ಲಿ ಚಾಪೆ ಮೇಲೆ ಕೂತು ಸಾರನ್ನ ತಿಂತಿರುವಾಗ್ಲೇ ನಾಳೆ ಇವನನ್ನ ಬಿಚ್ಚಿ ನೋಡಬೇಕು ಅಂತ ಒಂದು ಕಂಪ್ಯೂಟರ್ ತೀರ್ಮಾನ ಮಾಡಿತ್ತು. ಬೆಳಿಗ್ಗೆ ಗ್ಲೌಸ್ ಹಾಕ್ಕೊಂಡು ನಿಂತಿದ್ದ ಆಫೀಸರ್‌ಗೆ ಕಾರಣ ಬಹುಶಃ ಗೊತ್ತೇ ಇರಲಿಲ್ಲ.

ಲೆಕ್ಕ ಬೇಕಾ? 20 ಜನರಲ್ಲಿ ಒಬ್ಬರನ್ನ ಎತ್ತುತ್ತಾರೆ ಅಂತ ಸುಮ್ಮನೆ ಹಿಡಿಯಿರಿ. ಒಬ್ಬನಿಗೇ ಸತತ ಮೂರು ಸಲ ಬರೋ ಸಾಧ್ಯತೆ 8,000ದಲ್ಲಿ ಒಂದು. ಇದರಿಂದ ಏನೂ ಸಾಬೀತಾಗಲ್ಲ, ನಮ್ಮ ಪ್ರಾಬಬಿಲಿಟಿ ಮೇಡಂ ಇದ್ದಿದ್ರೆ ನನಗೆ ಬೈತಿದ್ರು. ಆದ್ರೆ ಪ್ರಶ್ನೆ ಕೇಳೋಕೆ ಅಷ್ಟು ಸಾಕು.

3/8
ಈಗ ನೀವು ಅಂದುಕೊಂಡಿರಬಹುದು, ಇವನು ರ್ಯಾಂಡಮ್ ಚೆಕ್ಕೇ ಬೇಡ ಅಂತಾನೆ ಅಂತ. ಉಲ್ಟಾ. ನನಗೆ ಅಸಲಿ ರ್ಯಾಂಡಮ್ ಬೇಕು.

2002ರಲ್ಲಿ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು, ಸಮಿಧ್ ಚಕ್ರಬರ್ತಿ ಮತ್ತು ಆರನ್ ಸ್ಟ್ರಾಸ್, ಒಂದು ಪೇಪರ್ ಬರೆದ್ರು. ಹೆಚ್ಚುಕಡಿಮೆ ನಮ್ಮಂಥ ಹುಡುಗರೇ. ಅವರ ವಾದ ಸರಳ. ಪ್ರೊಫೈಲ್ ನೋಡಿ ಆರಿಸೋ ವ್ಯವಸ್ಥೆಯನ್ನ ಕಳ್ಳ ಪರೀಕ್ಷೆ ಮಾಡಿ ನೋಡಬಹುದು. ಒಂದು ಗುಂಪು ತನ್ನ ಹತ್ತು ಜನರನ್ನ ಖಾಲಿ ಕೈಯಲ್ಲಿ ನಾಲ್ಕಾರು ಸಲ ವಿಮಾನದಲ್ಲಿ ಕಳಿಸುತ್ತೆ. ಯಾರನ್ನ ಪ್ರತಿಸಲ ನಿಲ್ಲಿಸ್ತಾರೋ ಅವರು ಮನೆಗೆ. ಯಾರನ್ನ ಒಮ್ಮೆಯೂ ನಿಲ್ಲಿಸಲಿಲ್ಲವೋ, ನಿಜವಾದ ಕೆಲಸಕ್ಕೆ ಅವನೇ. ಜಾತ್ರೆಯಲ್ಲಿ ರಿಂಗ್ ಎಸೆಯೋ ಅಂಗಡಿ ಥರ, ಎಸೆದು ನೋಡು, ಬಿದ್ರೆ ನಿಂದು.

ಚೀಟಿಯನ್ನ ಹೀಗೆ ಪರೀಕ್ಷೆ ಮಾಡೋಕಾಗಲ್ಲ. ನಿನ್ನೆ ಬರಲಿಲ್ಲ ಅಂದ್ರೆ ಇವತ್ತು ಬರಲ್ಲ ಅಂತ ಏನಿಲ್ಲ. ಚೀಟಿಯ ಶಕ್ತಿ ಇರೋದೇ ಅಲ್ಲಿ.

2009ರಲ್ಲಿ ವಿಲಿಯಂ ಪ್ರೆಸ್ ಅನ್ನೋ ವಿಜ್ಞಾನಿ ಇದನ್ನ ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ ತೋರಿಸಿದ್ರು. ಯಾರ ಮೇಲೆ ಎಷ್ಟು ಅನುಮಾನವೋ ಅದೇ ಪ್ರಮಾಣದಲ್ಲಿ ಚೆಕ್ ಮಾಡ್ತಾ ಹೋದ್ರೆ, ಕಣ್ಣು ಮುಚ್ಚಿ ಆರಿಸಿದ್ದಕ್ಕಿಂತ ಏನೂ ಹೆಚ್ಚು ಲಾಭ ಇಲ್ಲ. ಕಾರಣ? ಅದೇ ಅಮಾಯಕರನ್ನ ಮತ್ತೆ ಮತ್ತೆ ಹಿಡಿದು ಟೈಮ್ ಹಾಳು ಮಾಡ್ತೀವಿ. ನನ್ನ ರೂಮ್‌ಮೇಟ್‌ನ ಬ್ಯಾಗನ್ನ ಮೂರನೇ ಸಲ ಬಿಚ್ಚಿದಾಗ ಸಿಕ್ಕಿದ್ದು ಮೊದಲನೇ ಸಲ ಸಿಕ್ಕಿದ್ದೇ: ಚಟ್ನಿಪುಡಿ ಡಬ್ಬಿ, ತಂಗಿಗೆ ತಗೊಂಡಿದ್ದ ವಾಚು.

4/8
"ಅನುಭವ ಇರೋ ಆಫೀಸರ್‌ಗೆ ಮುಖ ನೋಡಿದ್ರೇ ಗೊತ್ತಾಗುತ್ತೆ." ಇದೂ ಒಂದು ಡಿಎಂ.

ಟಿಎಸ್‌ಎ ಇದನ್ನೂ ಮಾಡಿ ನೋಡಿತು. ಬೆವರು, ಕಣ್ಣು ತಪ್ಪಿಸೋದು, ಚಡಪಡಿಕೆ, ಇಂಥ ಲಕ್ಷಣ ನೋಡಿ ಜನರನ್ನ ಆರಿಸೋಕೆ ಆಫೀಸರ್‌ಗಳಿಗೆ ಟ್ರೈನಿಂಗ್ ಕೊಟ್ಟು ವಿಮಾನ ನಿಲ್ದಾಣಗಳಲ್ಲಿ ನಿಲ್ಲಿಸಿತು. 2013ರ ನವೆಂಬರ್‌ನಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯೇ ವರದಿ ಕೊಟ್ಟಿತು: 2007ರಿಂದ ಸುಮಾರು 90 ಕೋಟಿ ಡಾಲರ್ ಖರ್ಚಾಗಿದೆ, ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ, ಇದಕ್ಕೆ ಕೊಡೋ ಹಣಕ್ಕೆ ಮಿತಿ ಹಾಕಿ. ನಡವಳಿಕೆ ನೋಡಿ ಸುಳ್ಳು ಪತ್ತೆ ಹಚ್ಚೋ ಮನುಷ್ಯನ ಶಕ್ತಿ ನಾಣ್ಯ ಚಿಮ್ಮಿದಷ್ಟೇ, ಹೆಚ್ಚೆಂದರೆ ಅದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ.

ಇನ್ನೊಂದು ಯೋಚನೆ ಮಾಡಿ. ಎರಡು ಸಲ ಎಲ್ಲರೆದುರು ಬ್ಯಾಗ್ ಬಿಚ್ಚಿಸಿಕೊಂಡವನು ಮೂರನೇ ಸಲ ಹೇಗೆ ನಡೀತಾನೆ? ಬೆವರ್ತಾನೆ. ಕಣ್ಣು ತಪ್ಪಿಸ್ತಾನೆ. ಅವಮಾನಕ್ಕೂ ಅಪರಾಧಕ್ಕೂ ಹೊರಗಿನ ಲಕ್ಷಣ ಒಂದೇ. ಮೊದಲು ಹೆದರಿಸಿ, ಆಮೇಲೆ "ಇವನು ಯಾಕೆ ಹೆದರ್ತಿದ್ದಾನೆ" ಅಂತ ಕೇಳಿದ್ರೆ ಏನು ಹೇಳೋದು?

5/8
"ಇಸ್ರೇಲ್ ನೋಡಿ ಕಲೀಬೇಕು." ಸರಿ, ನೋಡೋಣ.

1986ರ ಏಪ್ರಿಲ್, ಲಂಡನ್ನಿನ ಹೀಥ್ರೋ. ಇಸ್ರೇಲಿನ ಎಲ್ ಆಲ್ ವಿಮಾನ ಹತ್ತೋಕೆ ಬಂದ ಒಬ್ಬ ಪ್ರಯಾಣಿಕರ ಬ್ಯಾಗಿನ ತಳದಲ್ಲಿ ಬಾಂಬ್ ಇತ್ತು. ಯಾರ ಬ್ಯಾಗ್? ಗರ್ಭಿಣಿಯಾಗಿದ್ದ ಒಬ್ಬ ಐರಿಷ್ ಹೆಣ್ಣುಮಗಳದ್ದು. ಮದುವೆ ಆಗ್ತೀನಿ ಅಂತ ನಂಬಿಸಿದ್ದವನು ಅವಳಿಗೇ ಗೊತ್ತಿಲ್ಲದಂತೆ ಅದನ್ನ ಇಟ್ಟಿದ್ದ. ಮುಖ, ಹೆಸರು, ಧರ್ಮ ನೋಡಿ ಬಿಡೋದಾಗಿದ್ರೆ ಮೊದಲು ಬಿಡ್ತಿದ್ದಿದ್ದೇ ಅವಳನ್ನ. ಬ್ಯಾಗನ್ನ ಕೈಯಲ್ಲಿ ಹಿಡಿದು ನೋಡಿದ್ದಕ್ಕೆ ನೂರಾರು ಜೀವ ಉಳೀತು.

2001ರ ಸೆಪ್ಟೆಂಬರ್ 11. ಆಗಲೂ ಕಂಪ್ಯೂಟರ್ ಆಯ್ಕೆ ಇತ್ತು. ವಿಮಾನ ಅಪಹರಿಸಿದವರಲ್ಲಿ ಹಲವರನ್ನ ಆ ಬೆಳಿಗ್ಗೆ ಅದು ಸರಿಯಾಗೇ ಆರಿಸಿತ್ತು! ಆದ್ರೆ ಆರಿಸಿ ಮಾಡಿದ್ದೇನು? ಅವರು ವಿಮಾನ ಹತ್ತಿದ್ರು ಅಂತ ಖಾತ್ರಿ ಆಗೋತನಕ ಅವರ ಲಗೇಜನ್ನ ತಡೆದಿಟ್ಟಿದ್ದು, ಅಷ್ಟೇ. ಯಾರು ಅನ್ನೋದಷ್ಟೇ ನೋಡಿದ್ರು, ಕೈಯಲ್ಲಿ ಏನಿದೆ ಅನ್ನೋದನ್ನ ಬಿಟ್ರು.

ನಮ್ಮ ಮನೆ ಹತ್ತಿರದ್ದೂ ಒಂದಿದೆ. 2020ರ ಜನವರಿ 20, ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಬ್ಯಾಗ್ ಸಿಕ್ತು. ನಾವಾಗ ಸೆಕೆಂಡ್ ಪಿಯು. ಸಂಜೆ ಹೊತ್ತಿಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ತೀರ್ಪೇ ಬಂದಿತ್ತು, "ಯಾರದ್ದು ಅಂತ ಹೇಳ್ಬೇಕಾ?" ಎರಡು ದಿನ ಬಿಟ್ಟು ಬೆಂಗಳೂರಲ್ಲಿ ಪೊಲೀಸರಿಗೆ ಶರಣಾದವನು ಇಂಜಿನಿಯರಿಂಗ್ ಓದಿದ್ದ ಕರಾವಳಿಯ ಹಿಂದೂ ವ್ಯಕ್ತಿ. ಗ್ರೂಪಿನಲ್ಲಿ ಮರುದಿನ ಗುಡ್ ಮಾರ್ನಿಂಗ್ ಬಂತು, ಗುಲಾಬಿ ಹೂವಿನ ಜೊತೆ. ಆ ತೀರ್ಪನ್ನ ಯಾರೂ ವಾಪಸ್ ತಗೊಳ್ಳಲಿಲ್ಲ. ನಾನೂ ಏನೂ ಬರೀಲಿಲ್ಲ.

6/8
ನಮ್ಮ ದೇಶಕ್ಕೆ ಇದರ ಬಗ್ಗೆ ಸಿಟ್ಟು ಬಂದೇ ಇಲ್ಲವಾ? ಬಂದಿದೆ.

2010ರ ಡಿಸೆಂಬರ್‌ನಲ್ಲಿ ಮಿಸಿಸಿಪ್ಪಿಯ ವಿಮಾನ ನಿಲ್ದಾಣದಲ್ಲಿ, ಸೀರೆ ಉಟ್ಟಿದ್ದ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನ ಪಕ್ಕಕ್ಕೆ ಕರೆದು ಮೈ ತಡವಿ ನೋಡಿದ್ರು. ಆಗ ವಿದೇಶಾಂಗ ಮಂತ್ರಿ ನಮ್ಮ ಎಸ್.ಎಂ. ಕೃಷ್ಣ, ಇದನ್ನ ಒಪ್ಪೋಕೆ ಸಾಧ್ಯವಿಲ್ಲ ಅಂದ್ರು. 2011ರಲ್ಲಿ ನ್ಯೂಯಾರ್ಕ್‌ನಲ್ಲಿ ಅಬ್ದುಲ್ ಕಲಾಂ ಅವರನ್ನ ತಪಾಸಣೆ ಮಾಡಿದ್ರು. ದೇಶವೇ ಕೂಗಾಡಿತು, ಅಮೆರಿಕ ವಿಷಾದ ಹೇಳಿತು.

ಆದ್ರೆ ನಮ್ಮ ಸಿಟ್ಟು ಏನಿತ್ತು? "ಅಂಥಾ ದೊಡ್ಡವರಿಗೆ ಹೀಗಾ?" ಅನ್ನೋದು. ಯಾರಿಗೇ ಆದ್ರೂ ಹೀಗಾ ಅಂತ ಕೇಳಲಿಲ್ಲ. ವಿಷಾದದ ಪತ್ರ ದೊಡ್ಡವರಿಗೆ ಬಂತು. ನನ್ನ ರೂಮ್‌ಮೇಟ್‌ಗೆ ಯಾರು ಬರೀತಾರೆ?

ನಮ್ಮಲ್ಲಿ ಒಂದು ಒಳ್ಳೇದಿದೆ, ಅದನ್ನ ಹೇಳಲೇಬೇಕು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಐಎಸ್‌ಎಫ್‌ನವರು ಹೆಚ್ಚುಕಮ್ಮಿ ಎಲ್ಲರನ್ನೂ ಮೆಟಲ್ ಡಿಟೆಕ್ಟರ್ ಹಿಡಿದು ತಪಾಸಣೆ ಮಾಡ್ತಾರೆ. ನಮ್ಮಮ್ಮನೂ ಪರದೆ ಹಿಂದೆ ಹೋಗ್ತಾಳೆ, ಕಂಪನಿ ಸಿಇಒನೂ ಕೈ ಅಗಲಿಸಿ ನಿಲ್ತಾನೆ. ಕ್ಯೂ ಉದ್ದ, ನಿಜ. ಆದ್ರೆ ಆ ಕ್ಯೂನಲ್ಲಿ ಯಾರಿಗೂ "ನಾನೇ ಯಾಕೆ?" ಅನ್ನಿಸಲ್ಲ. ಅದಕ್ಕೂ ಕಲ್ಲು ಹಾಕೋದು ತಪಾಸಣೆಯಿಂದ ವಿನಾಯಿತಿ ಇರೋ ವಿಐಪಿಗಳ ಪಟ್ಟಿ. ಯಾವ ಹುದ್ದೆಯಲ್ಲೂ ಇಲ್ಲದ ರಾಬರ್ಟ್ ವಾದ್ರಾ ಅವರ ಹೆಸರು ಅದರಲ್ಲಿತ್ತು, 2015ರಲ್ಲಿ ತೆಗೆದ್ರು. ಅಲ್ಲಿ ಅನುಮಾನಕ್ಕೆ ಪಟ್ಟಿ, ಇಲ್ಲಿ ಮರ್ಯಾದೆಗೆ ಪಟ್ಟಿ. ಎರಡೂ ಮಾಡೋದು ಒಂದೇ ಕೆಲಸ: ಬ್ಯಾಗ್ ಬಿಟ್ಟು ಮನುಷ್ಯನನ್ನ ನೋಡೋದು.

7/8
ಹಾಗಾದ್ರೆ ಏನು ಮಾಡಬೇಕು? ಬರೀ ಬೈದು ಹೋಗಲ್ಲ, ಮೂರು ಮಾತು ಹೇಳ್ತೀನಿ.

ಒಂದು: ರ್ಯಾಂಡಮ್ ಅಂದ್ರೆ ಕಣ್ಣಿಗೆ ಕಾಣಬೇಕು. ಮೆಕ್ಸಿಕೋದ ಕಸ್ಟಮ್ಸ್‌ನಲ್ಲಿ ವರ್ಷಗಟ್ಟಲೆ ಒಂದು ಗುಂಡಿ ಇತ್ತು. ಪ್ರಯಾಣಿಕನೇ ಒತ್ತಬೇಕು. ಹಸಿರು ಬಂದ್ರೆ ಹೋಗು, ಕೆಂಪು ಬಂದ್ರೆ ಬ್ಯಾಗ್ ಬಿಚ್ಚು. ಕೆಂಪು ಬಂದವನು ಗ್ರಹಚಾರ ಅಂತ ಬೈಕೋಬಹುದು, ಆದ್ರೆ ನನ್ನ ಹೆಸರು ನೋಡಿ ಹಿಡಿದ್ರು ಅನ್ನಲ್ಲ. ಟಿಎಸ್‌ಎ ಕೂಡ ಹಿಂದೆ ಕೆಲವು ಕಡೆ ಟ್ಯಾಬ್ಲೆಟ್ ಇಟ್ಟು, ಅದರಲ್ಲಿ ಬರೋ ಬಾಣದ ಗುರುತು ನೋಡಿ ಜನರನ್ನ ಎಡಕ್ಕೆ, ಬಲಕ್ಕೆ ಕಳಿಸಿದೆ. ಅಂದ್ರೆ ಮಾಡೋಕೆ ಬರುತ್ತೆ.

ಎರಡು: ಪಟ್ಟಿಯಿಂದ ಆರಿಸಿದ್ರೆ ರ್ಯಾಂಡಮ್ ಅನ್ನಬೇಡಿ. "ಹೆಚ್ಚುವರಿ ತಪಾಸಣೆ" ಅನ್ನಿ, ಸಾಕು. ಕಾರಣ ಗುಟ್ಟಾಗಿಡಬೇಕಾದ್ರೆ ಇಡಿ, ಸುಳ್ಳು ಬೇಡ.

ಮೂರು: ಎಣಿಸಿ, ಲೆಕ್ಕ ಹೊರಗಿಡಿ. ಎಷ್ಟು ಜನರನ್ನ ನಿಲ್ಲಿಸಿದ್ರಿ, ಅದರಲ್ಲಿ ಚೀಟಿಯಿಂದ ಎಷ್ಟು, ಪಟ್ಟಿಯಿಂದ ಎಷ್ಟು, ಒಬ್ಬರನ್ನೇ ಎಷ್ಟು ಸಲ?

ಈ ವರ್ಷ ಎಂಎಸ್‌ಗೆ ಬರ್ತಿರೋ ಜೂನಿಯರ್ಸ್, ಇದನ್ನ ಸೇವ್ ಮಾಡ್ಕೊಳ್ಳಿ. ಪದೇ ಪದೇ ನಾಲ್ಕು ಎಸ್ ಬಂದ್ರೆ ಅಮೆರಿಕ ಸರ್ಕಾರದ 'ಡಿಎಚ್‌ಎಸ್ ಟ್ರಿಪ್' ಅನ್ನೋ ದೂರು ವ್ಯವಸ್ಥೆಗೆ ಆನ್‌ಲೈನ್ ಅರ್ಜಿ ಹಾಕಿ. ಒಂದು ರಿಡ್ರೆಸ್ ನಂಬರ್ ಕೊಡ್ತಾರೆ, ಮುಂದೆ ಟಿಕೆಟ್ ಬುಕ್ ಮಾಡುವಾಗ ಅದನ್ನ ಹಾಕಬೇಕು. ಹೆಸರಿನ ಗೊಂದಲದಿಂದ ಆಗ್ತಿದ್ರೆ ಸರಿಹೋಗಬಹುದು. ಪಟ್ಟಿಯಲ್ಲಿ ಇದ್ರಾ ಇಲ್ವಾ ಅಂತ ಮಾತ್ರ ಹೇಳೋ ನಿರೀಕ್ಷೆ ಇಟ್ಕೋಬೇಡಿ. ಮತ್ತೆ ಕನೆಕ್ಷನ್ ಫ್ಲೈಟ್‌ಗಳ ನಡುವೆ ಟೈಮ್ ಜಾಸ್ತಿ ಇಟ್ಕೊಳ್ಳಿ.

8/8
ಕೊನೇ ಫೋಟೋದಲ್ಲಿ ಖಾಲಿ ಸೀಟು. ನನ್ನ ಪಕ್ಕದ್ದು.

ಗೇಟ್ ಇನ್ನೂ ಮುಚ್ಚದಿದ್ದಾಗ, ಅವನ ಬ್ಯಾಗನ್ನ ಎರಡನೇ ಸಲ ಬಿಚ್ಚುತ್ತಿದ್ದಾಗ, ಅವನು ಅಲ್ಲಿಂದಲೇ ಕೈ ಮಾಡಿ ಹೇಳಿದ: "ನೀ ಹೋಗಲೇ, ಒಬ್ಬರಾದ್ರೂ ಟೈಮಿಗೆ ಮುಟ್ಟೋಣು." ನಾನು ಹೋದೆ. ಸೀಟಲ್ಲಿ ಕೂತು ಈ ಫೋಟೋ ತೆಗೆದೆ.

ಹುಬ್ಬಳ್ಳಿಯಲ್ಲಿ ಎಂಗೇಜ್‌ಮೆಂಟ್ ಮನೆಗೆ ನಾನು ಒಬ್ಬನೇ ಹೋದೆ. ಅವರಮ್ಮ ನನ್ನ ಹಿಂದೆ ಬಾಗಿಲ ಕಡೆ ನೋಡಿದ್ರು. "ಫ್ಲೈಟ್ ಲೇಟ್ ಆಯ್ತು ಆಂಟಿ" ಅಂದೆ. ಅಂದ್ರೆ ನಾನೂ ಸುಳ್ಳೇ ಹೇಳಿದೆ, ಆ ಆಫೀಸರ್ ಥರಾನೇ. ಅವನು ಬಂದಾಗ ಶಾಮಿಯಾನ ಬಿಚ್ಚಿ ಒಂದು ದಿನ ಆಗಿತ್ತು. "ಬಿಡಲೇ, ನನಗ ರೂಢಿ ಆಗೇತಿ" ಅಂದ.

ತಪ್ಪು ಮಾಡದವನಿಗೆ ಭಯ ಯಾಕೆ ಅಂತ ಕೇಳಿದ ಗೆಳೆಯಾ, ಉತ್ತರ ಇದು. ಅವನು ತಪ್ಪು ಮಾಡಿಲ್ಲ. ಅವನಿಗೆ ಭಯವೂ ಇಲ್ಲ. ರೂಢಿ ಆಗಿದೆ. ಇಪ್ಪತ್ತಮೂರು ವರ್ಷದ ಹುಡುಗನಿಗೆ ಇದು ರೂಢಿ ಆಗಬಾರದಿತ್ತು.

ನಾವು ಪಟ್ಟಿ ಹರಿಯೋಕೆ ಆಗಲ್ಲ. ಆದ್ರೆ ಜೊತೆಯವನನ್ನ ಪಕ್ಕಕ್ಕೆ ಕರೆದಾಗ ಅಲ್ಲೇ ನಿಲ್ಲಬಹುದು. "ಇವನು ನನ್ನ ಜೊತೆ ಬಂದಿದ್ದಾನೆ, ನಾನು ಕಾಯ್ತೀನಿ" ಅನ್ನಬಹುದು. ಮುಂದಿನ ಸಲ ನಾನು ನಿಲ್ತೀನಿ. ಫ್ಲೈಟ್ ಹೋದ್ರೆ ಇಬ್ಬರದ್ದೂ ಹೋಗಲಿ.

ನಿಮಗೂ ಹೀಗಾಗಿದ್ರೆ ಕಮೆಂಟಿನಲ್ಲಿ ಬರೀರಿ. ಎಷ್ಟು ಸಲ ಅಂತ ಎಣಿಸಿ ಬರೀರಿ. ಅವರು ಲೆಕ್ಕ ಕೊಡದಿದ್ರೆ ನಾವಾದ್ರೂ ಇಡೋಣ.

#ರ್ಯಾಂಡಮ್ಅಂತೆ #ನಾಲ್ಕುಎಸ್ #ಚೀಟಿಎತ್ತಿ #ಹುಬ್ಬಳ್ಳಿಹುಡುಗರು