ನಿಧಾನವಾಗಿ ಓಡಿಸುವಾಗ ಕಾರಿನಿಂದ ಸದ್ದು ಬರುತ್ತಿದೆಯೇ? ಯಾವುದು ಮಾಮೂಲಿ, ಯಾವುದು ಅಪಾಯ?

"ಬ್ರೇಕ್ ಹಾಕಿದಾಗ ಕೀಂಯ್ ಎಂದರೆ ಡಿಸ್ಕ್ ಮೇಲೆ ಸ್ವಲ್ಪ ಎಣ್ಣೆ ಬಿಡಿ, ಸದ್ದು ನಿಲ್ಲುತ್ತದೆ." "ಸ್ಪೀಡ್‌ನಲ್ಲಿ ಹೋದಾಗ ಸದ್ದು ಕೇಳಿಸದಿದ್ದರೆ ಚಿಂತೆ ಬೇಡ." ಕಾರಿನ ಸದ್ದಿನ ಬಗ್ಗೆ ಇಂಥ ಸಲಹೆಗಳಿಗೆ ಬರವಿಲ್ಲ. ಮೊದಲನೆಯದು ಜೀವಕ್ಕೇ ಕುತ್ತು ತರಬಹುದು. ಎರಡನೆಯದು ಸುಳ್ಳು ಧೈರ್ಯ. ಹಾಗಾದರೆ ನಿಜ ಏನು? ಒಂದೊಂದಾಗಿ ನೋಡೋಣ.

ನಿಧಾನವಾಗಿ ಹೋಗುವಾಗಲೇ ಏಕೆ ಕೇಳಿಸುತ್ತದೆ?

ವೇಗ ಹೆಚ್ಚಿದಂತೆ ಗಾಳಿಯ ಸದ್ದು, ಟೈರ್ ರಸ್ತೆಗೆ ಉಜ್ಜುವ ಸದ್ದು ಎರಡೂ ಜೋರಾಗುತ್ತವೆ. ಉಳಿದ ಸಣ್ಣ ಸದ್ದುಗಳು ಅದರಲ್ಲಿ ಮುಳುಗಿಹೋಗುತ್ತವೆ. ಗಂಟೆಗೆ 10-20 ಕಿ.ಮೀ. ವೇಗದಲ್ಲಿ, ಅದರಲ್ಲೂ ಕಾಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿಕೊಂಡು ಹೋಗುವಾಗ, ಅವೇ ಸದ್ದುಗಳು ಸ್ಪಷ್ಟವಾಗಿ ಕೇಳಿಸುತ್ತವೆ. ಆದ್ದರಿಂದ ಹೈವೇಯಲ್ಲಿ ಸದ್ದು ಕೇಳಿಸಲಿಲ್ಲ ಎಂದ ಮಾತ್ರಕ್ಕೆ ದೋಷ ಇಲ್ಲ ಎಂದಲ್ಲ.

ಹೆದರಬೇಕಿಲ್ಲದ ಸದ್ದುಗಳು

* ಮಳೆ ಬಂದ ಅಥವಾ ಕಾರು ತೊಳೆದ ಮರುದಿನ ಬೆಳಿಗ್ಗೆ ಮೊದಲ ಬ್ರೇಕ್‌ಗೆ ಬರುವ ಕರಕರ ಸದ್ದು. ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದು. ರಾತ್ರಿ ಕಳೆಯುವುದರೊಳಗೆ ಅದರ ಮೇಲೆ ತೆಳುವಾಗಿ ತುಕ್ಕು ಕೂರುತ್ತದೆ. ನಾಲ್ಕಾರು ಸಲ ಬ್ರೇಕ್ ಹಾಕಿದರೆ ಉಜ್ಜಿ ಹೋಗುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಇದು ಚಿರಪರಿಚಿತ.
* ರಿವರ್ಸ್ ತೆಗೆಯುವಾಗ ಬರುವ ವೀಂ ಎಂಬ ಸದ್ದು. ಹಲವು ಮ್ಯಾನುವಲ್ ಕಾರುಗಳಲ್ಲಿ ರಿವರ್ಸ್ ಗೇರಿನ ಹಲ್ಲುಗಳು ಓರೆಯಾಗಿರದೆ ನೇರವಾಗಿರುತ್ತವೆ. ಹಾಗಾಗಿ ಸದ್ದು ಹೆಚ್ಚು.
* ಸ್ಟಾರ್ಟ್ ಮಾಡಿ ಹೊರಟ ಸ್ವಲ್ಪ ದೂರದಲ್ಲೇ ಒಮ್ಮೆ ಮಾತ್ರ ಕೇಳುವ ಟಕ್ ಅಥವಾ ಗುರ್ ಸದ್ದು. ಕೆಲವು ಕಾರುಗಳಲ್ಲಿ ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಹೀಗೆ.
* ಎಲೆಕ್ಟ್ರಿಕ್ ಕಾರಿನ ಗುಂಯ್‌ಗುಡುವ ಸದ್ದು. ಪಾದಚಾರಿಗಳಿಗೆ ಗೊತ್ತಾಗಲಿ ಎಂದು ಬೇಕಂತಲೇ ಇಟ್ಟಿರುವುದು. ಯುರೋಪ್ ಒಕ್ಕೂಟದಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಿಗೂ ಇದು ಕಡ್ಡಾಯ. ಗಂಟೆಗೆ 20 ಕಿ.ಮೀ.ವರೆಗೆ ಸದ್ದು ಬರಬೇಕು.

ಗಮನ ಕೊಡಬೇಕಾದ ಸದ್ದುಗಳು

ಬ್ರೇಕ್ ಹಾಕಿದಾಗೆಲ್ಲ ಕೀಂಯ್: ಹೊಸ ಬ್ರೇಕ್ ಪ್ಯಾಡ್‌ನ ಲೈನಿಂಗ್ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ದಪ್ಪ ಇರುತ್ತದೆ. ಅದು ಸವೆದು 2-3 ಮಿ.ಮೀ.ಗೆ ಇಳಿದಾಗ, ಕೆಲವು ಪ್ಯಾಡ್‌ಗಳಲ್ಲಿರುವ ಪುಟ್ಟ ಲೋಹದ ಪಟ್ಟಿ ಡಿಸ್ಕ್‌ಗೆ ತಗುಲಿ ಕಿರುಚುತ್ತದೆ. ಪ್ಯಾಡ್ ಬದಲಿಸಿ ಎಂಬ ಎಚ್ಚರಿಕೆ ಅದು. ದೂಳಿನಿಂದಲೂ ಇಂಥದ್ದೇ ಸದ್ದು ಬರಬಹುದು. ಪ್ಯಾಡ್ ನೋಡದೆ ತೀರ್ಮಾನಿಸಬೇಡಿ.

ಬ್ರೇಕ್ ಹಾಕಿದಾಗ ಲೋಹಕ್ಕೆ ಲೋಹ ತಿಕ್ಕಿದಂಥ ಸದ್ದು: ಲೈನಿಂಗ್ ಪೂರ್ತಿ ಮುಗಿದು ಹಿಂದಿನ ಕಬ್ಬಿಣದ ತಟ್ಟೆಯೇ ಡಿಸ್ಕ್ ಕೊರೆಯುತ್ತಿರಬಹುದು. ಕಾರು ನಿಲ್ಲಿಸಿ, ಮೆಕ್ಯಾನಿಕ್‌ನನ್ನೇ ಕರೆಸಿ.

ಬ್ರೇಕ್ ಹಾಕದೆಯೂ ಚಕ್ರದ ಜೊತೆ ಬರುವ ಕರ್ರ್: ಮಣ್ಣಿನ ರಸ್ತೆಯಲ್ಲಿ ಹೋಗಿಬಂದ ಮೇಲೆ ಶುರುವಾಗಿದ್ದರೆ, ಡಿಸ್ಕ್ ಮತ್ತು ಅದರ ಹಿಂದಿನ ತೆಳು ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಕಲ್ಲು ತೆಗೆದರೆ ಸಾಕು, ಬಿಡಿಭಾಗ ಬದಲಿಸಬೇಕಿಲ್ಲ.

ಪೂರ್ತಿ ಸ್ಟೀರಿಂಗ್ ತಿರುಗಿಸಿ ಹೊರಟಾಗ ಟಕ್ ಟಕ್ ಟಕ್: ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರುಗಳಲ್ಲಿ ಇದು ಸಿವಿ ಜಾಯಿಂಟ್ ಸವೆದಿರುವುದರ ಗುರುತು. ಅದರ ರಬ್ಬರ್ ಬೂಟ್ ಹರಿದರೆ ಗ್ರೀಸ್ ಹೊರಗೆ ಹೋಗಿ ಕೊಳೆ ಒಳಗೆ ಸೇರುತ್ತದೆ. ಬೂಟ್ ಹರಿದಾಗಲೇ ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ.

ಹಂಪ್ ಮೇಲೆ ದಡ್ ದಡ್: ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ತಕ್ಷಣ ಖರ್ಚಿಗೆ ಇಳಿಯಬೇಡಿ. ಅದಕ್ಕಿಂತ ಅಗ್ಗದ ಲಿಂಕ್ ರಾಡ್, ರಬ್ಬರ್ ಬುಷ್‌ಗಳನ್ನು ಮೊದಲು ಪರೀಕ್ಷಿಸಲು ಹೇಳಿ. ಡಿಕ್ಕಿಯಲ್ಲಿ ಸಡಿಲವಾದ ಜಾಕ್, ಸ್ಟೆಪ್ನಿ ಕೂಡ ಇದೇ ಸದ್ದು ಮಾಡುತ್ತವೆ.

ಟೈರ್ ಬದಲಿಸಿದ ಮೇಲೆ ಶುರುವಾದ ಟಕ್ ಟಕ್: ವ್ಹೀಲ್ ನಟ್ ಸಡಿಲವಾಗಿರಬಹುದು. ಸುರಕ್ಷಿತ ಜಾಗದಲ್ಲಿ ತಕ್ಷಣ ನಿಲ್ಲಿಸಿ, ನಟ್‌ಗಳನ್ನು ನೋಡಿ.

ಎಣ್ಣೆ ಬಿಟ್ಟರೆ ಏನಾಗುತ್ತದೆ?

ಡಿಸ್ಕನ್ನು ಪ್ಯಾಡ್ ಬಿಗಿಯಾಗಿ ಹಿಡಿದು ಉಜ್ಜುವುದರಿಂದಲೇ ಕಾರು ನಿಲ್ಲುತ್ತದೆ. ಎಣ್ಣೆಯ ಕೆಲಸ ಆ ಹಿಡಿತವನ್ನೇ ಕಡಿಮೆ ಮಾಡುವುದು. ಸದ್ದು ನಿಂತಿತು ಎಂದರೆ ಬ್ರೇಕ್ ಹಿಡಿತವೂ ತಪ್ಪಿತು ಎಂದರ್ಥ. ಒಂದೇ ಚಕ್ರಕ್ಕೆ ಎಣ್ಣೆ ತಗುಲಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಪ್ಯಾಡ್ ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಬಟ್ಟೆಯಲ್ಲಿ ಒರೆಸಿದರೆ ಸರಿಹೋಗದು, ಹೊಸ ಪ್ಯಾಡ್ ಹಾಕಿಸಬೇಕಾಗುತ್ತದೆ. ತೆಂಗಿನೆಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೇ ಆಗಲಿ, ಡಿಸ್ಕ್ ಮೇಲೆ ಬೀಳಬಾರದು. ಮೆಕ್ಯಾನಿಕ್‌ಗಳು ಬ್ರೇಕ್‌ಗೆಂದೇ ತಯಾರಾದ ಗ್ರೀಸ್ ಹಚ್ಚುತ್ತಾರೆ ನಿಜ. ಆದರೆ ಅದು ಪ್ಯಾಡ್‌ನ ಹಿಂಬದಿಗೆ ಮತ್ತು ಜಾರುವ ಪಿನ್‌ಗಳಿಗೆ, ಉಜ್ಜುವ ಮೈಗಲ್ಲ.

ಗ್ಯಾರೇಜಿಗೆ ಹೋಗುವ ಮೊದಲು

ಬ್ರೇಕ್ ಸರಿಯಾಗಿ ಹಿಡಿಯುತ್ತಿದ್ದರೆ ಮಾತ್ರ, ಜನರಿಲ್ಲದ ಬಯಲಿನಲ್ಲಿ ಹಾಡು, ಎಸಿ ಆರಿಸಿ ನಿಧಾನವಾಗಿ ಓಡಿಸಿ. ಸದ್ದು ಬರುವುದು ಬ್ರೇಕ್ ಹಾಕಿದಾಗಲೋ, ಸ್ಟೀರಿಂಗ್ ತಿರುಗಿಸಿದಾಗಲೋ, ಹಳ್ಳ-ಹಂಪ್ ದಾಟಿದಾಗಲೋ? ಚಕ್ರದ ವೇಗದ ಜೊತೆ ಹೆಚ್ಚುತ್ತದೆಯೋ, ನಿಂತಲ್ಲೇ ಎಂಜಿನ್ ರೇಸ್ ಮಾಡಿದಾಗಲೂ ಬರುತ್ತದೆಯೋ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಜೊತೆಯಲ್ಲಿರುವವರು ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಲಿ. ಗ್ಯಾರೇಜ್ ತಲುಪಿದಾಗ ಕಾರು ಸುಮ್ಮನಾಗಿಬಿಟ್ಟರೂ ಕೇಳಿಸಲು ಆಧಾರ ಇರುತ್ತದೆ. ಬರೀ ಜಾಕ್ ಮೇಲೆ ನಿಂತಿರುವ ಕಾರಿನ ಕೆಳಗೆ ಮಾತ್ರ ಎಂದಿಗೂ ತಲೆ ಹಾಕಬೇಡಿ.

ನಮ್ಮ ತೀರ್ಮಾನ

ನಿಧಾನ ವೇಗದ ಎಲ್ಲ ಸದ್ದೂ ಅಪಾಯವಲ್ಲ. ಆದರೆ ಬ್ರೇಕ್, ಸ್ಟೀರಿಂಗ್, ಚಕ್ರ ಈ ಮೂರಕ್ಕೆ ಸೇರಿದ, ದಿನವೂ ಬರುವ ಸದ್ದನ್ನು ತಳ್ಳಿಹಾಕುವಂತಿಲ್ಲ. ಬ್ರೇಕ್‌ಗೆ ಎಣ್ಣೆ ಬಿಡುವ ಸಲಹೆ ತಪ್ಪು ಮಾತ್ರವಲ್ಲ, ಅಪಾಯಕಾರಿ. ಅಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಕಾರಣ ತಿಳಿಸಿ.